ನೋಡಿ ಖುಷಿಪಡುವ ನಾಣ್ಯಗಳು: ಕಲಬುರಗಿಯ ಹವ್ಯಾಸಿಯೊಬ್ಬರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬಂದವರ ಕಣ್ಣಿಗೆ ನಾಣ್ಯದ ಡಬ್ಬಿ ಬಿತ್ತು ಅಂದರೆ ಮುಗಿಯಿತು. ಕೂತವರು ಎದ್ದು ಬರುತ್ತಾರೆ. ಒಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸುತ್ತಾರೆ. ಆಮೇಲೆ ಕೇಳೋಕೆ ಶುರು. ಇಪ್ಪತ್ತು ವರ್ಷದಿಂದ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಉತ್ತರ ನನಗೆ ಬಾಯಿಪಾಠ ಆಗಿಬಿಟ್ಟಿದೆ, ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾಣ್ಯದ ವ್ಯಾಪಾರ ಮಾಡೋರಿಗೆ ಇದರಿಂದ ಅಷ್ಟೇನೂ ಉಪಯೋಗ ಇಲ್ಲ.

"ಇದಕ್ಕ ಎಷ್ಟ್ ರೊಕ್ಕ ಬರ್ತದ್ರಿ?"

ಹೆಚ್ಚಿನವಕ್ಕೆ ಏನೂ ಬರೋದಿಲ್ಲ. ನನ್ನ ಹತ್ತಿರ ಮುನ್ನೂರರ ಆಸುಪಾಸು ನಾಣ್ಯ ಇವೆ. ಬೆಳ್ಳಿಯವು ನಲವತ್ತೂ ಇಲ್ಲ. ಅವನ್ನು ಸರಾಫ್ ಬಜಾರಿಗೆ ಒಯ್ದರೆ ತಕ್ಕಡಿಗೆ ಹಾಕಿ ಬೆಳ್ಳಿಯ ರೇಟು ಹೇಳುತ್ತಾರೆ, ಅಷ್ಟೇ. ಉಳಿದ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಎಲ್ಲ ಒಟ್ಟಿಗೆ ಮಾರಿದರೂ ಒಂದು ಒಳ್ಳೆ ಇಳಕಲ್ ಸೀರೆ ಬರುತ್ತೋ ಇಲ್ಲವೋ. ಈ ಲೆಕ್ಕ ನನ್ನದಲ್ಲ, ಮನೆಯಲ್ಲಿ ಆಗಾಗ ನೆನಪಿಸುತ್ತಾರೆ.

ಹಾಗಾದರೆ ಯಾಕೆ ಕೂಡಿಡುತ್ತೀರಿ?

ನೋಡೋಕೆ.

ಶುರುವಾದದ್ದು ನಮ್ಮ ಆಯಿಯಿಂದ. ಅವಳ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು. ಹಾಲಲ್ಲಿ ತೊಳೆದು, ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲೆ ಇಡುತ್ತಿದ್ದಳು. ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಒಂದು ಸಲ ಪೂಜೆ ಮುಗಿದ ಮೇಲೆ ಮೆಲ್ಲಗೆ ಎತ್ತಿಕೊಂಡು ದೀಪದ ಹತ್ತಿರ ಹಿಡಿದೆ. ನಾನು ಅಲ್ಲಿವರೆಗೆ ಕಂಡ ನಾಣ್ಯಗಳಲ್ಲಿ ಸಿಂಹ ಇರುತ್ತಿತ್ತು, ಅಂಕಿ ಇರುತ್ತಿತ್ತು. ಇದರಲ್ಲಿ ಒಂದು ಕಟ್ಟಡ! ನಾಲ್ಕು ಮಿನಾರು, ನಡುವೆ ಕಮಾನು, ಕಮಾನಿನ ಬಾಗಿಲಲ್ಲಿ ಕೊಕ್ಕೆಯಂಥ ಒಂದು ಗುರುತು. ದೀಪ ಅಲುಗಿದಾಗ ಮಿನಾರಿನ ನೆರಳೂ ಅಲುಗಿತು. ಇಷ್ಟು ಸಣ್ಣ ಜಾಗದಲ್ಲಿ ನೆರಳು ಬೀಳೋ ಹಾಗೆ ಯಾರು ಕಟ್ಟಿದರು ಅಂತ ಆಯಿಯನ್ನು ಕೇಳಿದೆ. "ಹೈದ್ರಾಬಾದಿಂದು ಚಾರ್‌ಮಿನಾರ್ ಅದ. ಕೆಳಗ ಇಡು, ಲಕ್ಷ್ಮಿ ಇದ್ದಾಳ" ಅಂದಳು.

ಆ ಕೊಕ್ಕೆ ಏನು ಅಂತ ತಿಳಿಯೋಕೆ ಮತ್ತೆ ಹದಿನೈದು ವರ್ಷ ಬೇಕಾಯಿತು. ಅದು ಅರಬಿ ಲಿಪಿಯ 'ಐನ್' ಅಕ್ಷರ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಹೆಸರಿನಲ್ಲಿನ 'ಉಸ್ಮಾನ್' ಶುರುವಾಗೋದು ಆ ಅಕ್ಷರದಿಂದ. ಅವರ ತಂದೆ ಮಹಬೂಬ್ ಅಲಿ ಖಾನ್ ಕಾಲದ ಚಾರ್‌ಮಿನಾರ್ ನಾಣ್ಯ ನೋಡಿದರೆ ಅದೇ ಬಾಗಿಲಲ್ಲಿ 'ಮೀಮ್' ಇರುತ್ತದೆ. ಕಟ್ಟಡ ಅದೇ, ಬಾಗಿಲಲ್ಲಿ ನಿಂತವರು ಬೇರೆ. ಇದು ಗೊತ್ತಾದ ರಾತ್ರಿ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಹಾಲಿ, ಕಲ್ದಾರ್ ಅಂತ ಹಿರಿಯರು ಹೇಳುತ್ತಿದ್ದರು. ಏನದು?

1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು. ಅದೇ ಹಾಲಿ ಸಿಕ್ಕಾ. 'ಹಾಲಿ' ಅಂದರೆ ಈಗ ಚಾಲ್ತಿಯಲ್ಲಿ ಇರೋದು. ಹಾಲಿ ಶಾಸಕ, ಮಾಜಿ ಶಾಸಕ ಅನ್ನುತ್ತೇವಲ್ಲ, ಅದೇ ಹಾಲಿ. ಪಾಪ, ಹಾಲಿ ಸಿಕ್ಕಾ ಮಾಜಿಯಾಗಿ ಎಷ್ಟೋ ಕಾಲ ಆಯಿತು.

ಕಲ್ದಾರ್ ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಉರ್ದುವಿನಲ್ಲಿ ಕಲ್ ಅಂದರೆ ಯಂತ್ರ. ಯಂತ್ರದಲ್ಲಿ ಒತ್ತಿದ್ದು ಕಲ್ದಾರ್. ಹಾಲಿ ಸಿಕ್ಕಾ ಮೊದಲು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಚಾರ್‌ಮಿನಾರ್ ಇರುವವು 20ನೇ ಶತಮಾನದ ಆರಂಭದಲ್ಲಿ ಯಂತ್ರದಿಂದ ಬಂದವು. ಆದರೂ ಜನ ಕಲ್ದಾರ್ ಅನ್ನೋ ಹೆಸರನ್ನು ಬ್ರಿಟಿಷರ ರೂಪಾಯಿಗೇ ಉಳಿಸಿಕೊಂಡರು.

ಲೆಕ್ಕ ಹೀಗಿತ್ತು: ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ನಮ್ಮ ಮುತ್ಯಾ ಇದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದ. ಯಾಕೆ ಏಳಕ್ಕೆ ಆರು ಅನ್ನೋದು ತಕ್ಕಡಿಯಲ್ಲೇ ಇದೆ. ಹಾಲಿ ರೂಪಾಯಿ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8. ಅಂದರೆ ಶುದ್ಧ ಬೆಳ್ಳಿ 9.1 ಗ್ರಾಂ ಚಿಲ್ಲರೆ. ಕಲ್ದಾರ್ 11.66 ಗ್ರಾಂ, ಬೆಳ್ಳಿ ಶೇ 91.7, ಶುದ್ಧ ಬೆಳ್ಳಿ 10.7 ಗ್ರಾಂ. ಒಂದನ್ನು ಏಳರಿಂದ, ಇನ್ನೊಂದನ್ನು ಆರರಿಂದ ಗುಣಿಸಿ ನೋಡಿ, ಎರಡೂ 64 ಗ್ರಾಂ ಹತ್ತಿರ ಬಂದು ನಿಲ್ಲುತ್ತವೆ. ಇದು 1940ರ ಹಿಂದಿನ ಮಾತು. ಆಮೇಲೆ ಯುದ್ಧದ ಕಾಲದಲ್ಲಿ ಬ್ರಿಟಿಷರು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು.

ಇನ್ನೊಂದು ವಿಷಯ. ಕಲ್ದಾರ್ ರೂಪಾಯಿ ಸರಿಯಾಗಿ ಒಂದು ತೊಲೆ ತೂಗುತ್ತಿತ್ತು. ಹಾಗಾಗಿ ಪತ್ತಾರರು ತೂಕದ ಕಲ್ಲಿನ ಬದಲು ಅದನ್ನೇ ತಕ್ಕಡಿಗೆ ಇಡುತ್ತಿದ್ದರು.

ನನಗೆ ಉರ್ದು ಓದೋಕೆ ಬರೋದಿಲ್ಲ. ಇಸವಿ ಹೇಗೆ ತಿಳಿಯೋದು?

ನನಗೂ ಬರೋದಿಲ್ಲ. ಅಂಕಿ ಹತ್ತು ಕಲಿತರೆ ಸಾಕು, ಒಂದು ಸಂಜೆಯ ಕೆಲಸ. ಒಂದು ಅಂದರೆ ನೆಟ್ಟಗಿನ ಗೆರೆ. ಸೊನ್ನೆ ಬರೀ ಒಂದು ಚುಕ್ಕೆ. ನಮ್ಮ ಸೊನ್ನೆಯ ಹಾಗೆ ಕಾಣೋದು ಅಲ್ಲಿ ಐದು, ಇಲ್ಲೇ ಎಲ್ಲರೂ ಎಡವೋದು. ಏಳು ಅಂದರೆ ಮೇಲಕ್ಕೆ ಬಾಯಿ ತೆರೆದ ಕವೆ. ಅದೇ ಕವೆ ಬೋರಲಾಗಿ ಬಿದ್ದರೆ ಎಂಟು. ಒಂಬತ್ತು ನಮಗೆ ಗೊತ್ತಿರೋ ಒಂಬತ್ತರ ಹಾಗೇ ಇದೆ.

ಚಾರ್‌ಮಿನಾರ್ ನಾಣ್ಯದಲ್ಲಿ 13ರಿಂದ ಶುರುವಾಗುವ ನಾಲ್ಕಂಕಿ ಹುಡುಕಿ. ಅದು ಹಿಜರಿ ಇಸವಿ. ಅದರಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. ಉದಾಹರಣೆಗೆ 1343 ಅಂತಿದ್ದರೆ 40 ಕಳೆದು 1303, ಅದಕ್ಕೆ 622 ಸೇರಿಸಿದರೆ 1925. ಒಂದು ವರ್ಷ ಆಚೆ ಈಚೆ ಆಗಬಹುದು, ಪರವಾಗಿಲ್ಲ.

92 ಅನ್ನೋ ಅಂಕಿಯೂ ಕಾಣುತ್ತದೆ. ಅದು ಇಸವಿ ಅಲ್ಲ. ಅರಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ. 'ಮುಹಮ್ಮದ್' ಹೆಸರಿನ ಅಕ್ಷರಗಳನ್ನು ಕೂಡಿದರೆ 40, 8, 40, 4, ಒಟ್ಟು 92.

ಬಹಮನಿ ರಾಜಧಾನಿಯಲ್ಲೇ ಇದ್ದೀವಿ. ಬಹಮನಿ ನಾಣ್ಯ ಸಿಗುತ್ತವಾ?

ತಾಮ್ರದವು ಸಿಗುತ್ತವೆ, ಬೆಲೆಯೂ ಕೈಗೆಟಕುತ್ತದೆ. ಬೆಳ್ಳಿಯವು ಕಷ್ಟ. ಬಂಗಾರದವನ್ನು ಗಾಜಿನ ಆಚೆಯಿಂದ ನೋಡಬೇಕು.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ಇಲ್ಲಿ ರಾಜ್ಯ ಕಟ್ಟಿದ. ಕಲಬುರಗಿಗೆ ಅಹಸನಾಬಾದ್ ಅಂತ ಹೆಸರಿಟ್ಟರು. ಫಿರೋಜ್ ಶಾ ಕಾಲದ, ಅಂದರೆ 1397ರಿಂದ 1422ರ ನಡುವಿನ ಬೆಳ್ಳಿ ಟಂಕಗಳ ಮೇಲೆ ಆ ಹೆಸರು ಇದೆ. ಮುಂದೆ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ನಾಣ್ಯಗಳಲ್ಲಿ ಮುಹಮ್ಮದಾಬಾದ್ ಬಂತು. ಅದು ಬೀದರಿನ ಆಗಿನ ಹೆಸರು. ನಮ್ಮ ಊರಿನ ಹೆಸರು ಬೆಳ್ಳಿಯ ಮೇಲೆ ಬರೆದದ್ದನ್ನು ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು. ಓದೋಕೆ ಬಾರದಿದ್ದರೂ!

ಶುರುವಿನ ಕಾಲದ ಬಹಮನಿ ನಾಣ್ಯ ಕಮ್ಮಿ ಸಿಗೋದಕ್ಕೆ ಹಳೆಯ ಚರಿತ್ರೆಕಾರ ಫರಿಷ್ತಾ ಒಂದು ಕಾರಣ ಬರೆದಿದ್ದಾನೆ. ಸರಾಫರು ಅವನ್ನು ಕರಗಿಸಿಬಿಡುತ್ತಿದ್ದರಂತೆ. ಜನರ ಕೈಯಲ್ಲಿ ವಿಜಯನಗರದ ಕಡೆಯ ಹೊನ್ನು, ಪ್ರತಾಪ ಅನ್ನೋ ಬಂಗಾರದ ನಾಣ್ಯಗಳೇ ಓಡಾಡಲಿ ಅಂತ. ಇದಕ್ಕೆ ಮೊದಲನೇ ಮುಹಮ್ಮದ್ ಶಾ ಸಿಟ್ಟಾಗಿ ಕಠಿಣ ಶಿಕ್ಷೆ ಕೊಟ್ಟ ಅಂತಲೂ ಅವನೇ ಹೇಳುತ್ತಾನೆ. ಸರಾಫರಿಗೂ ನಾಣ್ಯಕ್ಕೂ ಜಗಳ ಇವತ್ತಿನದಲ್ಲ ಬಿಡಿ.

ತಾಮ್ರದವನ್ನು ಕೊಂಡರೆ ನಿರಾಸೆ ಆಗಬೇಡಿ. ಬರಹ ಅರ್ಧಂಬರ್ಧ ಇರುತ್ತದೆ. ಸವೆದದ್ದಕ್ಕೆ ಮಾತ್ರ ಅಲ್ಲ. ಅಚ್ಚು ದೊಡ್ಡದು, ಅದರ ಕೆಳಗೆ ಇಟ್ಟ ತಾಮ್ರದ ಬಿಲ್ಲೆ ಸಣ್ಣದು. ಸುತ್ತಿಗೆ ಬಿದ್ದಾಗ ಬರಹದ ಒಂದು ತುಂಡು ಮಾತ್ರ ಬಿಲ್ಲೆಯ ಮೇಲೆ ಕೂತಿತು, ಉಳಿದದ್ದು ಆಚೆ ಹೋಯಿತು. ನನ್ನ ಹತ್ತಿರ ಒಂದಿದೆ, ದಪ್ಪಗೆ, ಹುಣಸೆ ಬೀಜದ ಬಣ್ಣ. ಅದರಲ್ಲಿ ಒಂದೇ ಒಂದು ಉದ್ದನೆಯ ಅಕ್ಷರ ಬಿಲ್ಲಿನ ಹಾಗೆ ಬಾಗಿ ಅಂಚಿನಿಂದ ಹೊರಗೆ ಹೋಗಿದೆ. ಉಳಿದ ಅಕ್ಷರ ಎಲ್ಲಿ ಹೋಯಿತು ಅಂತ ನೋಡುತ್ತಾ ಕೂರುವುದೇ ಒಂದು ಆಟ. ಇಂಥದ್ದೇ ಇನ್ನೊಂದು ಸಿಕ್ಕರೆ ಅದರಲ್ಲಿ ಬೇರೆ ತುಂಡು ಇರುತ್ತದೆ. ಹೀಗೆ ಐದಾರು ಸೇರಿದರೆ ಪೂರ್ತಿ ಬರಹ ಜೋಡಿಸಬಹುದು. ನನ್ನದು ಇನ್ನೂ ಅರ್ಧಕ್ಕೆ ನಿಂತಿದೆ.

ದುಡ್ಡು ಖರ್ಚು ಮಾಡದೆ ಶುರು ಮಾಡಬಹುದಾ?

ಖಂಡಿತ. ಮೊದಲು ಮನೆಯ ಹಳೇ ಡಬ್ಬಿ, ಅಜ್ಜಿಯ ಎಲೆ ಅಡಿಕೆ ಚೀಲ, ದೇವರ ಹುಂಡಿ ನೋಡಿ. ನಾನು ಹೊಸಬರಿಗೆ ಹೇಳೋದು ಇವನ್ನು:

1968ರಿಂದ 1971ರವರೆಗಿನ ಹಿತ್ತಾಳೆ ಬಣ್ಣದ 20 ಪೈಸೆ. ಒಂದು ಕಡೆ ಅರಳಿದ ಕಮಲ. ಇದಕ್ಕಿಂತ ಚೆಂದದ ನಾಣ್ಯ ಸ್ವತಂತ್ರ ಭಾರತದಲ್ಲಿ ಬಂದೇ ಇಲ್ಲ ಅಂತ ನನ್ನ ವಾದ. ಬಹಳ ಮನೆಗಳಲ್ಲಿ ಲಕ್ಷ್ಮೀ ಪೂಜೆಗೆ ಅಂತ ಎತ್ತಿಟ್ಟಿರುತ್ತಾರೆ. ಕೊಂಡರೂ ಒಂದು ಹೊತ್ತಿನ ಸುಸಲಾ ಮಿರ್ಚಿ ದುಡ್ಡಿಗೆ ಸಿಗುತ್ತದೆ.

ಆಮೇಲೆ 1950ರ ಮಾಲೆ. ಒಂದು ಪೈಸೆಯಲ್ಲಿ ಓಡುವ ಕುದುರೆ. ಅರ್ಧ ಆಣೆ, ಒಂದಾಣೆ, ಎರಡಾಣೆಯಲ್ಲಿ ಗೂಳಿ. ಇವು ಸಾರನಾಥದ ಅಶೋಕ ಸ್ತಂಭದ ಸಿಂಹಗಳ ಕಾಲ ಕೆಳಗಿನ ಪಟ್ಟಿಯಲ್ಲಿರುವ ಕುದುರೆ, ಗೂಳಿ. ಅಶೋಕನ ಶಾಸನ ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲೇ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಬರೆದ ಶಿಲ್ಪವೇ ಇದೆ. ಆ ಶಿಲ್ಪ ನೋಡಿ ಬಂದ ದಿನ ಮನೆಯಲ್ಲಿ ಗೂಳಿಯ ಎರಡಾಣೆ ಕೈಗೆತ್ತಿಕೊಳ್ಳಿ. ಅದು ಚೌಕಾಕಾರ, ಮೂಲೆಗಳು ದುಂಡಗೆ. ಗೂಳಿಯ ಭುಜ ಉಬ್ಬಿರೋದು ಬೆರಳಿಗೆ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ಚಿಲ್ಲರೆಯನ್ನು ಜನ ಕಡೆಗಣಿಸುತ್ತಾರೆ. ಆರು ಮೂಲೆಯ 3 ಪೈಸೆ, ಹೂವಿನಂಥ ಅಂಚಿನ 2 ಪೈಸೆ ಮತ್ತು 10 ಪೈಸೆ, ಚೌಕದ 1 ಮತ್ತು 5 ಪೈಸೆ. ಇಷ್ಟನ್ನೂ ಅಂಗೈ ಮೇಲೆ ಹರಡಿದರೆ ರಂಗೋಲಿಯ ಹಾಗೆ ಕಾಣುತ್ತದೆ, ಭಾರವೇ ಇಲ್ಲ.

ಖಡ್ಗಮೃಗದ 25 ಪೈಸೆ ಮರೆಯಬೇಡಿ. ನಮ್ಮ ಕಾಲದ ನಾಲ್ಕಾಣೆ. 2011ರ ಜೂನ್ 30ರ ನಂತರ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು ಚಲಾವಣೆಯಲ್ಲಿಲ್ಲ. ಹಾಗಂತ ಅದಕ್ಕೆ ಲಕ್ಷ ಬರೋದಿಲ್ಲ. ಆ ವಿಷಯ ಕೆಳಗಿದೆ.

ಇನ್ನು ಬಸವಣ್ಣನವರ 5 ರೂಪಾಯಿ, 2006ರದ್ದು. ನನಗೆ ಬಸವಕಲ್ಯಾಣದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಬಂತು. ಊರೂ ಅದೇ, ನಾಣ್ಯವೂ ಅದೇ. ಇಂಥದ್ದನ್ನು ದುಡ್ಡು ಕೊಟ್ಟು ತರೋಕೆ ಆಗೋದಿಲ್ಲ, ಅಲ್ವಾ?

ಇಸವಿಯ ಕೆಳಗೆ ಸಣ್ಣ ನಕ್ಷತ್ರ ಇದೆ. ಯಾಕೆ?

ಅದು ಹೈದರಾಬಾದ್ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗದ ಗುರುತು. ಮುಂಬೈಯದ್ದು ವಜ್ರದ ಆಕಾರ, ನೋಯಿಡಾದ್ದು ಚುಕ್ಕೆ, ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ನಮ್ಮ ಕಡೆ ಓಡಾಡುವ ಚಿಲ್ಲರೆಯಲ್ಲಿ ನನಗೆ ನಕ್ಷತ್ರವೇ ಜಾಸ್ತಿ ಸಿಕ್ಕಿದೆ.

ಕಪ್ಪಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲಾ?

ಬೇಡ. ಕೈ ಮುಗಿಯುತ್ತೇನೆ, ಬೇಡ.

ನಾನು ತಿಕ್ಕಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹಾಲಿ ಸಿಕ್ಕಾದ ಎರಡು ಪೈಯ ಒಂದು ನಾಣ್ಯ ಇತ್ತು, ತಾಮ್ರದ್ದು. ನೂರು ವರ್ಷ ಕೈಯಿಂದ ಕೈಗೆ ಓಡಾಡಿ ಬೆಲ್ಲದ ಪಾಕದ ಬಣ್ಣ ಬಂದಿತ್ತು. ಅಕ್ಷರದ ಸಂದಿಯಲ್ಲಿ ಕಪ್ಪು, ಅಕ್ಷರದ ನೆತ್ತಿಯಲ್ಲಿ ಕೆಂಪು ಹೊಳಪು. ಆ ಕಪ್ಪು ಇದ್ದದ್ದರಿಂದಲೇ ಅಕ್ಷರ ಎದ್ದು ಕಾಣುತ್ತಿತ್ತು. ನನಗೆ ಆಗ ತಿಳಿವಳಿಕೆ ಕಡಿಮೆ. ಹುಣಸೆಹಣ್ಣು, ಬೂದಿ ಹಾಕಿ ತಂಬಿಗೆ ಬೆಳಗಿದ ಹಾಗೆ ಬೆಳಗಿದೆ. ಎರಡೇ ನಿಮಿಷ. ಹೊಸ ತಾಮ್ರದ ತಂತಿಯ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಅಕ್ಷರ, ಗೆರೆ ಎಲ್ಲ ಒಂದೇ ಬಣ್ಣವಾಗಿ ಮುಖವೇ ಇಲ್ಲದ ಹಾಗಾಯಿತು. ಬೂದಿಯ ಗೀರುಗಳು ಈಗಲೂ ಇವೆ. ಅದನ್ನು ಡಬ್ಬಿಯ ಮೇಲ್ಗಡೆಯೇ ಇಟ್ಟಿದ್ದೇನೆ, ತಿಕ್ಕಲಾ ಅಂತ ಕೇಳೋರಿಗೆ ತೋರಿಸೋಕೆ.

ಮಣ್ಣು ಹತ್ತಿದ್ದರೆ ಡಿಸ್ಟಿಲ್ಡ್ ನೀರಲ್ಲಿ ಒಂದು ರಾತ್ರಿ ನೆನೆಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಪಾತ್ರೆ ಬೆಳಗುವ ಪುಡಿ, ಟೂತ್‌ಪೇಸ್ಟ್, ನಿಂಬೆಹಣ್ಣು ಯಾವುದೂ ಬೇಡ. ಪೂಜೆಯ ಬೆಳ್ಳಿ ರೂಪಾಯಿ ಬೇರೆ ಮಾತು, ಅದು ನಿಮ್ಮ ಮನೆಯ ಪದ್ಧತಿ.

ಎಲ್ಲಿ, ಹೇಗೆ ಇಡೋದು?

ನಮ್ಮ ಊರಲ್ಲಿ ತೇವದ ಕಾಟ ಕಮ್ಮಿ, ಬಿಸಿಲಿನ ಕಾಟ ಜಾಸ್ತಿ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಬಂದಾಗ ಕಬ್ಬಿಣದ ಬೀರು ಒಳಗೇ ಒಲೆಯ ಹಾಗೆ ಇರುತ್ತದೆ. ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಹೆಚ್ಚಾಗಿ ಪಿವಿಸಿಯದ್ದು. ಬಿಸಿಗೆ ಅದು ಬೆವರಿ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ ಆಲ್ಬಂ ಕೊಳ್ಳಲೇಬೇಡಿ. ನಡುವೆ ಪಾರದರ್ಶಕ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಅಗ್ಗ, ಅದು ಒಳ್ಳೇದು. ಸ್ಟೇಪ್ಲರ್ ಪಿನ್ ಹೊಡೆದ ಮೇಲೆ ಅದನ್ನು ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರು.

ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರಲ್ಲಿ ಗಂಧಕ ಇರುತ್ತದೆ, ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ.

ಬೀದರಿನ ಬಂಧುಗಳೊಬ್ಬರು ಬಿದ್ರಿ ಡಬ್ಬಿ ಕೊಟ್ಟಿದ್ದಾರೆ. ಅದರಲ್ಲಿ ನಾಣ್ಯ ಇಡೋದಿಲ್ಲ, ಲೆನ್ಸ್ ಇಡುತ್ತೇನೆ. ಆದರೆ ಆ ಡಬ್ಬಿಯಿಂದ ಒಂದು ವಿಷಯ ಕಲಿತೆ. ಬಿದ್ರಿಯವರು ಸತು, ತಾಮ್ರದ ಮಿಶ್ರಣದಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪಿನ ಮೇಲೆ ಬೆಳ್ಳಿಯ ಅಂದವೇ ಬೇರೆ. ಅವತ್ತಿನಿಂದ ನಾನು ಬೆಳ್ಳಿ ನಾಣ್ಯವನ್ನು ಕಪ್ಪು ಮಖಮಲ್ ಮೇಲೇ ಇಟ್ಟು ನೋಡೋದು. ಕೆಳಗೆ ಬಟ್ಟೆ ಇದ್ದರೆ ಕೈ ಜಾರಿದರೂ ಅಂಚು ಪೆಟ್ಟಾಗೋದಿಲ್ಲ.

ಅಸಲಿ, ನಕಲಿ ಹೇಗೆ ಗುರುತಿಸೋದು?

ಮೋಸ ಹೋಗಿ ಕಲಿತದ್ದು ಹೇಳುತ್ತೇನೆ. ಒಂದು ಜಾತ್ರೆಯಲ್ಲಿ ಹಾಸುಬಟ್ಟೆಯ ಮೇಲೆ ನಾಣ್ಯ ಹರಡಿಕೊಂಡು ಕೂತವನ ಹತ್ತಿರ 'ಫಿರೋಜ್ ಶಾ ಬೆಳ್ಳಿ ಟಂಕ' ಕೊಂಡೆ. ಅರ್ಧ ಸಂಬಳ ಹೋಯಿತು. ಮನೆಗೆ ಬಂದು ತೂಗಿದರೆ 9 ಗ್ರಾಂ. ಬೆಳ್ಳಿ ಟಂಕ 11 ಗ್ರಾಂ ಹತ್ತಿರ ಇರಬೇಕು. ಲೆನ್ಸ್ ಹಿಡಿದರೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ, ಇಡ್ಲಿಯ ಮೇಲಿನ ಹಾಗೆ. ಅಂಚಿನ ಸುತ್ತ ಒಂದು ಗೆರೆ. ಅಂದರೆ ಸುತ್ತಿಗೆಯ ಏಟು ತಿಂದದ್ದಲ್ಲ, ಎರಡು ಅಚ್ಚು ಸೇರಿಸಿ ಎರಕ ಹೊಯ್ದದ್ದು. ಮರುದಿನ ಹೋದರೆ ಹಾಸುಬಟ್ಟೆಯೂ ಇಲ್ಲ, ಅವನೂ ಇಲ್ಲ.

ಅಂದಿನಿಂದ ಸಣ್ಣ ತಕ್ಕಡಿ ಜೇಬಲ್ಲೇ ಇರುತ್ತದೆ. ಮೊದಲು ತೂಕ, ಆಮೇಲೆ ಅಂಚು, ಆಮೇಲೆ ಮುಖ. ಆಯಸ್ಕಾಂತವೂ ಬೇಕು. ಬೆಳ್ಳಿ ಅಂಟೋದಿಲ್ಲ. ಆದರೆ 1947ರ ಹುಲಿ ರೂಪಾಯಿ ಅಂಟಿದರೆ ಗಾಬರಿ ಬೇಡ, ಅದು ಬೆಳ್ಳಿಯಲ್ಲ, ನಿಕ್ಕಲ್. ನಿಕ್ಕಲ್ ಅಂಟಲೇಬೇಕು.

ರಾಮ ದರ್ಬಾರ್ ಇರುವ, 1818 ಅಂತ ಬರೆದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ನಮ್ಮಲ್ಲಿದೆ. ಅಕ್ಕಿ ಸೆಳೆಯುತ್ತಂತೆ?

ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ರಾಮ, ಹನುಮಂತ ಇರುವ ಕಂಪನಿ ಬಿಲ್ಲೆಗಳೆಲ್ಲ ಆಮೇಲಿನವರು ಮಾಡಿದ್ದು. ದೇವರ ಮನೆಯಲ್ಲಿ ಇಟ್ಟುಕೊಳ್ಳಿ, ಕೈ ಮುಗಿಯಿರಿ. ಅದನ್ನು ತೋರಿಸಿ ಲಕ್ಷಗಟ್ಟಲೆ ವ್ಯವಹಾರ ಮಾತಾಡೋರು ಬಂದರೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತಾರಂತೆ, ಮೊಬೈಲಲ್ಲಿ ಬಂದಿತ್ತು.

ಸುಳ್ಳು. 2012ರಲ್ಲಿ ಬಂದ 5 ಮತ್ತು 10 ರೂಪಾಯಿಯ ನಾಣ್ಯ ಅದು. ಮೊದಲು ಲಕ್ಷದ ಆಸೆ ತೋರಿಸುತ್ತಾರೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ ಅಂತ ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ ಹೆಸರನ್ನೂ ಹೇಳುತ್ತಾರೆ. ಆ ಬ್ಯಾಂಕು ಇಂಥ ವ್ಯವಹಾರದಲ್ಲಿ ಇಲ್ಲ, ಯಾವ ಶುಲ್ಕವನ್ನೂ ಕೇಳೋದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ತಾನೇ ಪ್ರಕಟಣೆ ಕೊಟ್ಟಿದೆ.

10 ರೂಪಾಯಿ ನಾಣ್ಯ ಅಂಗಡಿಯಲ್ಲಿ ತಗೊಳ್ಳೋದಿಲ್ಲ. ಅದು ನಡೆಯೋದಿಲ್ವಾ?

ನಡೆಯುತ್ತದೆ. ಅದರಲ್ಲಿ ಬೇರೆ ಬೇರೆ ವಿನ್ಯಾಸ ಇರೋದೇ ಗೊಂದಲಕ್ಕೆ ಕಾರಣ. 14 ವಿನ್ಯಾಸಗಳೂ ಅಸಲಿ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಅಂಗಡಿಯವರು ಬೇಡ ಅಂದ ನಾಣ್ಯಗಳಿಂದಲೇ ನನ್ನ ಒಂದು ಪುಟ ತುಂಬಿತು. ಅಷ್ಟರ ಮಟ್ಟಿಗೆ ಅವರಿಗೆ ಥ್ಯಾಂಕ್ಸ್.

ಹೊಲ ಉಳುವಾಗ ಗಡಿಗೆ ಸಿಕ್ಕರೆ?

ಅದು ಸಂಗ್ರಹದ ಮಾತಲ್ಲ, ಕಾನೂನಿನ ಮಾತು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಯಾರಾದರೂ "ಹೊಲದಾಗ ಸಿಕ್ಕಾವ್ರಿ" ಅಂತ ಗುಟ್ಟಾಗಿ ತಂದರೆ ನಾನು ಮುಟ್ಟೋದೇ ಇಲ್ಲ. ಎರಡು ಕಾರಣ. ಒಂದೋ ಅದು ನಿಜವಾದ ನಿಧಿ, ತೊಂದರೆ. ಇಲ್ಲವೋ ಹಾಸುಬಟ್ಟೆಯವನ ತಮ್ಮ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದ ನೆಂಟರ ಕೈಯಲ್ಲೂ ಕಳಿಸಬೇಡಿ, 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ತೂತು ಬಿದ್ದ, ಕೊಂಡಿ ಬೆಸೆದ ನಾಣ್ಯ ಬೇಡವಾ?

ಬೆಲೆ ನೋಡೋರಿಗೆ ಬೇಡ. ನನಗೆ ಬೇಕು.

ತೂತಿನಲ್ಲೂ ಎರಡು ಬಗೆ. 1943ರಿಂದ 1947ರ ನಡುವಿನ ಬ್ರಿಟಿಷ್ ಒಂದು ಪೈಸೆಗೆ ನಡುವೆ ತೂತು ಟಂಕಸಾಲೆಯಲ್ಲೇ ಇಟ್ಟಿದ್ದು. ಯುದ್ಧದ ಕಾಲ, ತಾಮ್ರ ಉಳಿಸಬೇಕಿತ್ತು. ಇನ್ನೊಂದು ಬಗೆ ಜನ ಮಾಡಿದ ತೂತು, ಸರಕ್ಕೆ ಪೋಣಿಸೋಕೆ.

ನಮ್ಮ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಉಡುಗೆ ನೋಡಿದ್ದೀರಲ್ಲ. ಕನ್ನಡಿ ಚೂರು, ಕವಡೆ, ಅದರ ನಡುವೆ ಸಾಲಾಗಿ ನಾಣ್ಯ. ಒಮ್ಮೆ ಚಿತ್ತಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಬಸ್ಸು ಗುಂಡಿಗೆ ಬಿದ್ದಾಗೆಲ್ಲ ಅವಳ ಮೈಮೇಲೆ ಝಣ ಝಣ. ಭುಜದ ಹತ್ತಿರ ವಿಕ್ಟೋರಿಯಾ ರಾಣಿಯ ನಾಲ್ಕಾಣೆ, ಅದರ ಪಕ್ಕ ಎಂಟಾಣೆಯಷ್ಟು ದೊಡ್ಡ ಚಾರ್‌ಮಿನಾರ್, ಅದರ ಕೆಳಗೆ ಹತ್ತು ಪೈಸೆ. ಮೂರು ಸರ್ಕಾರ ಒಂದೇ ದಾರದಲ್ಲಿ. ನಾನು ಕಣ್ಣು ಬಿಟ್ಟು ನೋಡುತ್ತಿದ್ದದ್ದು ಅವಳಿಗೆ ಗೊತ್ತಾಯಿತು. "ನೋಡಪ್ಪಾ, ನೋಡು. ಮಾರಂಗಿಲ್ಲ" ಅಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ನಾನು ಯಾವ ಜಾತಿಯ ಮನುಷ್ಯ ಅಂತ ತಿಳಿದಿತ್ತು! ದಯವಿಟ್ಟು ಯಾರ ಮೈಮೇಲಿನ ನಾಣ್ಯವನ್ನೂ ಕೊಡುತ್ತೀರಾ ಅಂತ ಕೇಳಬೇಡಿ.

ಮುತ್ಯಾನ ಬೆಳ್ಳಿ ರೂಪಾಯಿ ಕರಗಿಸಿ ಕಾಲ್ಗೆಜ್ಜೆ ಮಾಡಿಸಬೇಕು ಅಂತಿದ್ದೇವೆ.

ಗೆಜ್ಜೆಗೆ ಬೆಳ್ಳಿ ಬೇರೆ ಸಿಗುತ್ತದೆ. ಒಂದಾದರೂ ಉಳಿಸಿ.

ಮಕ್ಕಳಿಗೆ ಹೇಗೆ ರುಚಿ ಹತ್ತಿಸೋದು?

ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿ. ನಾವೆಲ್ಲ ಶಾಲೆಯಲ್ಲಿ ಮಾಡಿದ್ದೇ. ಮೊಮ್ಮಗಳಿಗೆ ಹೀಗೆ ಕಮಲದ 20 ಪೈಸೆ ಕೊಟ್ಟೆ. ಕಾಗದದ ಮೇಲೆ ದಳ ಒಂದೊಂದಾಗಿ ಮೇಲೆದ್ದು ಬಂದಾಗ ಪೆನ್ಸಿಲ್ ಬಿಟ್ಟು ಕೈ ತಟ್ಟಿದಳು. ಹಳೇ ತಾಮ್ರ, ಬೆಳ್ಳಿ ಕೊಡಬೇಡಿ, ಸ್ಟೀಲ್ ಚಿಲ್ಲರೆ ಸಾಕು. ತೀರಾ ಸಣ್ಣ ಮಕ್ಕಳ ಕೈಗೆ ನಾಣ್ಯವೇ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ.

ಒಳ್ಳೊಳ್ಳೆ ನಾಣ್ಯ ನೋಡೋಕೆ ಎಲ್ಲಿ ಹೋಗಬೇಕು?

ಹೈದರಾಬಾದ್ ಹತ್ತಿರ ಇದೆ. ಅಲ್ಲಿನ ಸೈಫಾಬಾದ್‌ನ ಹಳೇ ಟಂಕಸಾಲೆಯಲ್ಲಿ ಈಗ ಮ್ಯೂಸಿಯಂ ಮಾಡಿದ್ದಾರೆ. ಆಯಿಯ ರೂಪಾಯಿ ಹುಟ್ಟಿದ್ದು ಹೈದರಾಬಾದಿನಲ್ಲೇ ತಾನೆ. ಮುಂಬೈಗೆ ಹೋದರೆ ಕೋಟೆ ಭಾಗದಲ್ಲಿ ರಿಸರ್ವ್ ಬ್ಯಾಂಕಿನ ಹಣದ ಮ್ಯೂಸಿಯಂ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಲೆನ್ಸ್ ಒಯ್ಯಿರಿ, ಗಾಜಿನ ಆಚೆಯಿಂದಲೂ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಸಂಗ್ರಹ ನೋಡೋಕೆ ಬರಬಹುದಾ?

ಬನ್ನಿ, ಗುರುತಿನವರ ಜೊತೆ. ಸಂಜೆ 4ರ ನಂತರ ಬಂದರೆ ಒಳ್ಳೇದು. ನಡುಮಧ್ಯಾಹ್ನದ ಬಿಸಿಲು ನೆಟ್ಟಗೆ ಬೀಳುತ್ತದೆ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಸಂಜೆ ಪಡುವಣ ಕಿಟಕಿಯಿಂದ ಓರೆ ಬೆಳಕು ಬಂದಾಗ ಆಯಿಯ ರೂಪಾಯಿಯನ್ನು ಮಖಮಲ್ ಮೇಲೆ ಇಟ್ಟು ಮೆಲ್ಲಗೆ ತಿರುಗಿಸಿದರೆ ಮಿನಾರಿನ ನೆರಳು ಇನ್ನೂ ಅಲುಗುತ್ತದೆ. ಐನ್ ಅಕ್ಷರದ ಸಂದಿಯಲ್ಲಿ ಅವಳು ಹಚ್ಚಿದ ಕುಂಕುಮ ಇದೆ. ಅದನ್ನು ತೆಗೆದಿಲ್ಲ.

ಕೈ ತೊಳೆದುಕೊಂಡು ಮುಟ್ಟಬೇಕು. ಮಿರ್ಚಿ ತಿಂದ ಕೈಯಲ್ಲಿ ಎಣ್ಣೆ ಇರುತ್ತದೆ. ಮಿರ್ಚಿ ಆಮೇಲೆ ತರಿಸೋಣ.